ಅನ್ನದ ಮೇಲೊಂದು ಕಡಲು

ನಮ್ಮೂರು ನನ್ನಿವಾಳದ ಕಡೆ ಭತ್ತದ ಗದ್ದೆ ನೋಡಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು. ಶೇಂಗಾ, ರಾಗಿ, ನವಣೆ, ಸಜ್ಜೆ, ಹುರುಳಿ ನಮ್ಮ ನೆಲಕ್ಕೆ ಒಗ್ಗಿದವು. ನಾನು ಚಿಕ್ಕವನಿದ್ದಾಗ ಅನ್ನ ಎಂದರೆ ನವಣೆ ಅನ್ನ. ಬಿಳಿ ಅಕ್ಕಿಯನ್ನು ‘ನೆಲ್ಲಕ್ಕಿ’ ಎಂದು ಬೇರೆಯಾಗಿ ಹೇಳುತ್ತಿದ್ದರು. ಅದು ಯುಗಾದಿಗೆ, ನೆಂಟರು ಬಂದ ದಿನಕ್ಕೆ, ಇಲ್ಲವೇ ಯಾರಿಗಾದರೂ ಜ್ವರ ಬಂದಾಗ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ನ್ಯಾಯಬೆಲೆ ಅಂಗಡಿಯ ಅಕ್ಕಿ ದಿನದ ಊಟವಾಯಿತು. ನವಣೆ ‘ಸಿರಿಧಾನ್ಯ’ವಾಗಿ ಬೆಂಗಳೂರಿನ ಮೇಳಗಳಿಗೆ ಹೊರಟುಹೋಯಿತು. ಇನ್ನು ಕಡಲಂತೂ ದೂರದ ಮಾತು. ಮೀನು ಎಂದರೆ ಕೆರೆ ಮೀನು, ಅದೂ ಕೆರೆ ತುಂಬಿದ ವರ್ಷ. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ನಮ್ಮ ಸೀಮೆಯ ನೀರಿನ ಲೆಕ್ಕ ಹೀಗಿದೆ.

ಇಂಥ ಊರಿನವರು ನಾವು, ಅಕ್ಕಿಯನ್ನೂ ಕಡಲನ್ನೂ ಬಿಟ್ಟರೆ ಬೇರೇನೂ ಇಲ್ಲದ ಒಂದು ಊಟಕ್ಕೆ ಹೋದೆವು.

ಕರೆದದ್ದು ಅಕ್ಕನ ಮಗಳು. ಬಿಡದಿಯ ಕಡೆ ಒಂದು ಜಪಾನಿ ಕಂಪನಿಯಲ್ಲಿ ಕೆಲಸ. ಆ ಭಾಷೆಯನ್ನೂ ಕಲಿತಿದ್ದಾಳೆ. ಬಡ್ತಿ ಸಿಕ್ಕಿತ್ತು. “ಮಾವ, ಅವ್ವನ್ನೂ ಕರ್ಕೊಂಡು ಬನ್ನಿ, ಸುಶಿ ತಿನ್ನಿಸ್ತೀನಿ” ಎಂದು ಫೋನು ಮಾಡಿದಳು. ಅಕ್ಕನಿಗೆ ವಿಷಯ ಹೇಳಿದೆ. ಸುಶಿ ಅಂದರೆ ಏನು ಎಂದು ವಿಚಾರಿಸಿಕೊಂಡು ಅವಳು ಕೇಳಿದ ಮೊದಲ ಮಾತು: “ಹಸಿ ಮೀನಾ? ಯಾಕೆ, ಬೇಯಿಸಾಕೆ ಸೌದೆ ಇರ್ಲಿಲ್ವಂತಾ ಅವರಿಗೆ?” ಆದರೂ ಹೊರಟಳು. ಮಗಳ ಬಡ್ತಿ ಮುಂದೆ ಹಸಿ ಮೀನು ಯಾವ ಲೆಕ್ಕ.

ಚಳ್ಳಕೆರೆಯಲ್ಲಿ ಬಸ್ಸು ಹತ್ತಿ ಹಿರಿಯೂರು, ಶಿರಾ, ತುಮಕೂರು ದಾಟಿ ಬೆಂಗಳೂರು ಸೇರುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದರ ವರ್ಣನೆ ಬೇಡ. ಬೆಂಗಳೂರಿಗೆ ಜಪಾನ್ ಬಂದ ದಾರಿ ಅದಕ್ಕಿಂತ ಸ್ವಾರಸ್ಯವಾಗಿದೆ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಜಪಾನ್ ನೋಡಿ ಬಂದವರು. ಅದೇ ಸುಮಾರಿಗೆ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಹಾಕಿ ಜಪಾನಿ ತಜ್ಞರನ್ನು ಕರೆಸಿದ್ದರು. ಬಸವನಗುಡಿಯ ಪಕ್ಕ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇವತ್ತಿಗೂ ಉಳಿದಿದೆ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಶುರುವಾಗಿ ಬಿಡದಿಯಲ್ಲಿ ಕಾರ್ಖಾನೆ ಎದ್ದ ಮೇಲೆ ಜಪಾನಿ ಎಂಜಿನಿಯರುಗಳು ಸಂಸಾರ ಸಮೇತ ಬಂದರು. ಸಂಸಾರ ಬಂದ ಕಡೆ ಊಟ ಬರಲೇಬೇಕು. ರೆಸಿಡೆನ್ಸಿ ರಸ್ತೆಯ ಹರಿಮಾ, ಐಟಿಸಿ ಗಾರ್ಡೇನಿಯಾ ಹೋಟೆಲಿನ ಎಡೊ ಮುಂತಾದ ಹೆಸರುಗಳು ಆಮೇಲೆ ನಗರದವರ ಬಾಯಿಗೆ ಬಂದವು. 2005ರಿಂದ ನಡೆಯುತ್ತಿರುವ ‘ಜಪಾನ್ ಹಬ್ಬ’ಕ್ಕೆ ಕನ್ನಡದ ಹಬ್ಬ ಎಂಬ ಮಾತನ್ನೇ ಹೆಸರಾಗಿಟ್ಟಿದ್ದಾರೆ. ನಾವು ಹೋದದ್ದು ಒಂದು ಪಂಚತಾರಾ ಹೋಟೆಲಿನ ಒಳಗಿರುವ ಜಪಾನಿ ಊಟದ ಮನೆಗೆ.

ಹೋಗುವ ಮುಂಚೆ ಹುಡುಗಿ ಒಂದು ನಿಯಮ ಹೇಳಿದಳು. ಸೆಂಟು ಹಾಕುವಂತಿಲ್ಲ, ಘಮಘಮಿಸುವ ಹೂ ಮುಡಿಯುವಂತಿಲ್ಲ. ಪಕ್ಕದವರ ನಾಲಿಗೆಯ ರುಚಿಯನ್ನು ನಮ್ಮ ಮೈಯ ವಾಸನೆ ಕೆಡಿಸಬಾರದು. ಬೇರೆಯವರಿಗೆ ಇದು ಬಿಗುಮಾನ ಅನ್ನಿಸಬಹುದು. ನಮಗೆ ಅನ್ನಿಸಲಿಲ್ಲ. ನನ್ನಿವಾಳ ಮ್ಯಾಸನಾಯಕ ಸಮುದಾಯದ ಕಟ್ಟೆಮನೆಗಳಲ್ಲೊಂದು, ಅಂದರೆ ಅವರ ಕಟ್ಟಳೆಗಳ ನೆಲೆ. ಅಲ್ಲಿ ಕಟ್ಟುಪಾಡಿನ ಹಟ್ಟಿಗಳಿಗೆ ಕೋಳಿ ಸಲ್ಲದು, ಈಚಲು ಸಲ್ಲದು. ದೇವರ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ, ಅವನ್ನು ಕಾಯುವ ಕಿಲಾರಿಗೆ ಅವನದೇ ನೇಮ. ತಿನ್ನುವುದಕ್ಕೂ ಕಟ್ಟಳೆ ಇರುತ್ತದೆ ಎಂಬುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಅಕ್ಕ ಎರಡನೇ ಮಾತಾಡದೆ ಮಲ್ಲಿಗೆ ದಂಡೆ ತೆಗೆದಿಟ್ಟು, ವಾಸನೆಯಿಲ್ಲದ ಕನಕಾಂಬರ ಮುಡಿದಳು. ಉಟ್ಟದ್ದು ಮೊಳಕಾಲ್ಮೂರು ಸೀರೆ, ಅಗಲ ಅಂಚಿನದು.

ಒಳಗೆ ಹೋದರೆ ಮಬ್ಬು ಬೆಳಕು, ಸದ್ದಿಲ್ಲ. ಮೇಜು ಕುರ್ಚಿ ಇದ್ದವು, ಆದರೆ ಹುಡುಗಿ ನಮ್ಮನ್ನು ಒಂದು ಉದ್ದನೆಯ ಮರದ ಹಲಗೆಯ ಮುಂದೆ ಕೂರಿಸಿದಳು. ಅದೇ ಸುಶಿ ಕೌಂಟರು. ಹಲಗೆಗೆ ಬಣ್ಣವಿಲ್ಲ, ಮೆರುಗೆಣ್ಣೆಯಿಲ್ಲ. ಅಂಗೈ ಇಟ್ಟರೆ ನುಣ್ಣಗೆ, ತಣ್ಣಗೆ. ಹಲಗೆಯ ಆಚೆ ಬಾಣಸಿಗ, ಈಚೆ ನಾವು. ನಡುವೆ ತಟ್ಟೆ ಹೊತ್ತು ಓಡಾಡುವವರು ಯಾರೂ ಇಲ್ಲ. ಮಾಡುವವನ ಕೈಯಿಂದ ತಿನ್ನುವವನ ಮುಂದಕ್ಕೆ ಒಂದು ಮೊಳದ ದೂರ. ದುಬಾರಿ ಊಟದಲ್ಲಿ ಅಡುಗೆಯವರು ಗೋಡೆಯ ಹಿಂದಿರುತ್ತಾರೆ ಎಂದುಕೊಂಡಿದ್ದ ನನಗೆ ಇದೇ ಮೊದಲ ಬೆರಗು.

ಎರಡನೆಯದು ಬಾಣಸಿಗ. ಜಪಾನಿನವನಲ್ಲ, ಇಂಫಾಲ ಕಣಿವೆಯ ಮಣಿಪುರಿ ಹುಡುಗ. ಜಪಾನಿ ಗುರುವಿನ ಕೆಳಗೆ ವರ್ಷಗಟ್ಟಲೆ ಕಲಿತವನು. ಕನ್ನಡವೂ ಅಷ್ಟಿಷ್ಟು ಬರುತ್ತಿತ್ತು. “ನಮಸ್ಕಾರ ಅಮ್ಮ, ಕೂತ್ಕೊಳ್ಳಿ” ಎಂದ. ಅಕ್ಕನಿಗೆ ಅರ್ಧ ಧೈರ್ಯ ಅಲ್ಲೇ ಬಂತು. ಬೆಂಗಳೂರಿನ ದೊಡ್ಡ ದೊಡ್ಡ ಅಡುಗೆಮನೆಗಳಲ್ಲಿ ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ, ಡಾರ್ಜಿಲಿಂಗ್ ಕಡೆಯ ಕೈಗಳು ಎಷ್ಟಿವೆ ಎಂದು ಅಲ್ಲಿ ತಿನ್ನುವವರು ಒಮ್ಮೆಯಾದರೂ ಯೋಚಿಸಬೇಕು.

ಹುಡುಗಿ ಮುಂಚೆಯೇ ಕೇಳಿಕೊಂಡಿದ್ದಳಂತೆ, ನಾವು ಗಿರಾಕಿಗಳು ಬರುವ ಹೊತ್ತಿಗಿಂತ ಮೊದಲೇ ಹೋಗಿದ್ದೆವು. ಅನ್ನ ಹದಗೊಳಿಸುವುದನ್ನು ನೋಡಲು ಬಿಟ್ಟರು. ನನ್ನ ಮಟ್ಟಿಗೆ ಆ ಸಂಜೆಯ ಊಟ ಶುರುವಾದದ್ದು ಅಲ್ಲಿಂದ.

ಗುಂಡಗಿನ ಗಿಡ್ಡ ಅಕ್ಕಿಯ ಅನ್ನ ಬೆಂದು ಇಳಿದಿತ್ತು. ತಾಮ್ರದ ಪಟ್ಟಿ ಬಿಗಿದ ಅಗಲ ಮರದ ತೊಟ್ಟಿ, ಹಂಗಿರಿ ಎಂದು ಅದರ ಹೆಸರು, ಅದನ್ನು ನೀರಲ್ಲಿ ನೆನೆಸಿ ಒರೆಸಿ ಇಟ್ಟಿದ್ದರು. ಒಣ ತೊಟ್ಟಿಯಾದರೆ ಮರವೇ ವಿನೆಗರನ್ನು ಕುಡಿದುಬಿಡುತ್ತದಂತೆ. ಹೊಗೆಯಾಡುವ ಅನ್ನವನ್ನು ಅದಕ್ಕೆ ಸುರಿದು, ಉಪ್ಪು ಬೆರೆಸಿದ ಕಂದು ಬಣ್ಣದ ವಿನೆಗರನ್ನು ಮರದ ಸೌಟಿನ ಮೇಲೆ ಬೀಳುವಂತೆ ಹನಿಸಿದ. ಆಮೇಲೆ ಸೌಟಿನ ಅಂಚಿನಿಂದ ಅನ್ನವನ್ನು ಕಡಿಯುತ್ತಾ ಹೋದ. ಕಲಸಲಿಲ್ಲ, ತಿರುವಲಿಲ್ಲ. ಕಲಸಿದರೆ ಅಗುಳು ಒಡೆದು ಗಂಜಿಯಾಗುತ್ತದೆ. ಇನ್ನೊಬ್ಬ ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸುತ್ತಿದ್ದ. ಅನ್ನದ ಮೇಲಿನ ಪಸೆ ಗಾಳಿಗೆ ಆರಿ ಒಂದೊಂದು ಅಗುಳೂ ಮಿರಮಿರ ಮಿಂಚತೊಡಗಿತು. ಸುಶಿ ಕಟ್ಟುವಾಗ ಅನ್ನ ಮೈಬಿಸಿಯಷ್ಟೇ ಬೆಚ್ಚಗಿರಬೇಕು, ತಂಗಳಾಗಬಾರದು, ಸುಡಲೂಬಾರದು.

ಆ ವಿನೆಗರಿಗೂ ಒಂದು ಕಥೆಯಿದೆ. ಸಾಕೆ ಎಂಬ ಅಕ್ಕಿ ಮದ್ಯ ಹಿಂಡಿದ ಮೇಲೆ ಉಳಿಯುವ ಗಸಿಯನ್ನು ವರ್ಷಗಟ್ಟಲೆ ಇಟ್ಟು ಹುಳಿಬರಿಸಿ ಮಾಡುವುದು. ಹಾಂಡಾ ಎಂಬ ಊರಿನ ನಕಾನೊ ಮತಜ಼ಾಯೆಮೊನ್ 1804ರಲ್ಲಿ ಈ ವ್ಯಾಪಾರ ಶುರುಮಾಡಿದ. ಎಸೆಯುವ ಗಸಿಯಿಂದ ಅಗ್ಗದ ವಿನೆಗರು ಸಿಕ್ಕಿದ್ದೇ ಸುಶಿ ಬೀದಿಗೆ ಬರಲು ದೊಡ್ಡ ಅನುಕೂಲವಾಯಿತು. ಅಕ್ಕಿ ಅನ್ನಕ್ಕೆ ಅಕ್ಕಿಯದೇ ಹುಳಿ, ಪಕ್ಕದಲ್ಲಿ ಅಕ್ಕಿಯದೇ ಮದ್ಯ. ಇಡೀ ಊಟ ಒಂದೇ ಕಾಳಿನ ಸುತ್ತ ತಿರುಗುತ್ತದೆ.

ಅಕ್ಕ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಸೌದೆ ಒಲೆಯಿಂದ ಹಿಡಿದು ಗ್ಯಾಸಿನವರೆಗೆ ಅನ್ನ ಬಸಿದವಳು. ಕೊನೆಗೆ ನನ್ನ ಕಡೆ ತಿರುಗಿ, “ಮೀನು ಮೀನು ಅಂತ ಹೆದರಿಸಿದ್ರಲ್ಲೋ ತಮ್ಮಾ. ಇದು ಅನ್ನದ ಅಡಿಗಿ” ಎಂದಳು.

ಆಮೇಲೆ ನಾನು ಓದಿದ, ಕೇಳಿದ ಯಾವ ಪಂಡಿತರ ಮಾತೂ ಇದಕ್ಕಿಂತ ಹೆಚ್ಚಿನದನ್ನು ಹೇಳಲಿಲ್ಲ. ಸುಶಿ ಎಂದರೆ ಹಸಿ ಮೀನಲ್ಲ, ಹುಳಿ ಹದಗೊಳಿಸಿದ ಅನ್ನ. ಬರಿಯ ಹಸಿ ಮೀನಿನ ಹೋಳಿಗೆ ಸಶಿಮಿ ಎಂಬ ಬೇರೆ ಹೆಸರೇ ಇದೆ. ಜಪಾನಿನಲ್ಲಿ ಬಲ್ಲವರು ಒಂದು ಅಂಗಡಿಯನ್ನು ತೂಗುವುದು ಅದರ ಅನ್ನದಿಂದ. ಒಳ್ಳೆಯ ಮೀನನ್ನು ದುಡ್ಡಿದ್ದವರು ಯಾರಾದರೂ ಕೊಳ್ಳಬಹುದು. ಅನ್ನದ ಹದವನ್ನು ಕೊಳ್ಳಲಾಗುವುದಿಲ್ಲ.

ನಾವು ಏನು ಬೇಕೆಂದು ಹೇಳಲಿಲ್ಲ. ‘ಒಮಕಾಸೆ’ ಎಂದರಾಯಿತು, ಏನು ಕೊಡಬೇಕು, ಯಾವ ಸರದಿಯಲ್ಲಿ ಕೊಡಬೇಕು ಎಲ್ಲ ಅವನದೇ. ಮೊದಲು ಬಿಸಿ ಒದ್ದೆ ಬಟ್ಟೆ ಬಂತು, ಕೈ ಒರೆಸಿಕೊಂಡೆವು. ಕಡ್ಡಿಗಳು ಮುಂದಿದ್ದವು. ಅಕ್ಕ ಅವನ್ನು ಅನುಮಾನದಿಂದ ನೋಡುವುದನ್ನು ಕಂಡು ಹುಡುಗ ನಕ್ಕ. “ಕೈಯಲ್ಲೇ ತಿನ್ನಿ ಅಮ್ಮ, ಸುಶಿ ಕೈಯಲ್ಲಿ ತಿನ್ನೋದೇ ಹಳೇ ಪದ್ಧತಿ.” ಅಕ್ಕ ಬಲಗೈ ಬಳೆ ಹಿಂದಕ್ಕೆ ಸರಿಸಿ ನೆಟ್ಟಗೆ ಕೂತಳು.

ಹುಡುಗನ ಚಾಕು ಉದ್ದ, ಸಣಕಲು, ಒಂದೇ ಮಗ್ಗುಲಿಗೆ ಸಾಣೆ ಹಿಡಿದದ್ದು. ಮೀನಿನ ಮೇಲೆ ಅದನ್ನು ಹಿಡಿಯಿಂದ ತುದಿಯವರೆಗೆ ಒಂದೇ ಸಲ ಎಳೆಯುತ್ತಾನೆ. ಹಿಂದೆ ಮುಂದೆ ಉಜ್ಜುವುದಿಲ್ಲ. ಉಜ್ಜಿದರೆ ಮಾಂಸದ ಎಳೆ ಹರಿದು ಮೈ ತರಕಲಾಗುತ್ತದೆ. ಪ್ರತಿ ಹೋಳಿಗೂ ಅಲಗನ್ನು ಬಟ್ಟೆಯಲ್ಲಿ ಒರೆಸುತ್ತಾನೆ. ಎಡಗೈಯಲ್ಲಿ ಮೀನಿನ ಹೋಳು ಎತ್ತಿಕೊಂಡ. ಬಲಗೈ ಅನ್ನದ ತೊಟ್ಟಿಗೆ ಹೋಗಿ ಒಂದು ತುತ್ತನ್ನು ಹಿಡಿದುಕೊಂಡು ಬಂತು. ಅದೇ ಬಲಗೈಯ ತೋರುಬೆರಳು ವಾಸಬಿಯನ್ನು ಚೂರು ತೆಗೆದು ಮೀನಿನ ಒಳಮೈಗೆ ಸವರಿತು. ಅನ್ನ ಮೀನಿನ ಮೇಲೆ ಕೂತಿತು, ಹೆಬ್ಬೆರಳು ಅದರ ನಡುವೆ ಒಂದು ಗುಳಿ ಒತ್ತಿತು, ಎಲ್ಲ ಮಗುಚಿಕೊಂಡು ಮೀನು ಮೇಲೆ ಬಂತು, ಎರಡು ಬೆರಳು ಬೆನ್ನ ಮೇಲೆ ಒಮ್ಮೆ ಒತ್ತಿ ಬಿಟ್ಟವು. ಮುಗಿಯಿತು. ನನ್ನ ಮುಂದೆ ಇಟ್ಟ. ಇಟ್ಟ ಮೇಲೆ ಆ ತುಂಡು ತನ್ನಷ್ಟಕ್ಕೆ ಒಂದು ಗೆರೆಯಷ್ಟು ಕೆಳಗೆ ಕುಸಿಯಿತು. ನಾನು ಕಣ್ಣಾರೆ ಕಂಡೆ. ಹೆಬ್ಬೆರಳಿನ ಆ ಗುಳಿಯಲ್ಲಿ ಗಾಳಿ ಉಳಿದಿರುತ್ತದೆ, ಮೀನಿನ ಭಾರಕ್ಕೆ ಅನ್ನ ಮೆಲ್ಲಗೆ ಕೂರುತ್ತದೆ. ಬಿಗಿಯಾಗಿ ಹಿಸುಕಿದ ಅನ್ನ ಹೀಗೆ ಕೂರುವುದಿಲ್ಲ. ಕೈಯಲ್ಲಿ ಎತ್ತಿದರೆ ಒಡೆಯಬಾರದು, ನಾಲಿಗೆಯ ಮೇಲೆ ಬಿದ್ದ ಕೂಡಲೇ ಚೆದುರಬೇಕು. ಈ ಎರಡರ ನಡುವಿನ ಹದಕ್ಕೆ ಅವನಿಗೆ ವರ್ಷಗಳು ಹಿಡಿದಿವೆ.

ಮೊದಲು ಬಿಳಿ ಮೀನು, ತಿಳಿ ರುಚಿಯದು. ಬಾಯಲ್ಲಿ ಮೊದಲು ಅನ್ನದ ಬೆಚ್ಚಗೆ, ಆಮೇಲೆ ಹುಳಿ, ಆಮೇಲೆ ಮೀನಿನ ತಣ್ಣನೆಯ ಸಿಹಿ, ಕಡೆಗೆ ಮೂಗಿಗೆ ಏರುವ ವಾಸಬಿ. ನೀಸು ವಾಸನೆ ಇದ್ದೀತೆಂದು ಕಾದೆ, ಇರಲೇ ಇಲ್ಲ. ಎರಡನೆಯದು ಬೊಂಡಾಸ, ಅಂದರೆ ಸ್ಕ್ವಿಡ್, ಅದರ ಮೈಮೇಲೆ ನೂಲಿನಷ್ಟು ಸಣ್ಣ ಗೀರುಗಳು. ಗೀರದಿದ್ದರೆ ಹಲ್ಲಿಗೆ ರಬ್ಬರು. ಮೂರನೆಯದು ಸಾಬಾ, ನಮ್ಮ ಕರಾವಳಿಯ ಬಂಗುಡೆಯ ದಾಯಾದಿ. ಅದು ಹಸಿಯದೂ ಅಲ್ಲ, ಬೇಯಿಸಿದ್ದೂ ಅಲ್ಲ. ಉಪ್ಪಿನಲ್ಲಿ ಮುಚ್ಚಿ ನೀರು ಇಳಿಸಿ, ವಿನೆಗರಿನಲ್ಲಿ ಅದ್ದಿ ತೆಗೆದದ್ದು. ಆಗ ತಿಳಿಯಿತು, ‘ಹಸಿ’ ಎಂದು ನಾವು ಒಂದೇ ಮಾತಲ್ಲಿ ತಳ್ಳಿಹಾಕುವುದರ ಒಳಗೆ ಎಷ್ಟು ಕೆಲಸ ಅಡಗಿದೆ ಎಂದು. ಕೆಲವಕ್ಕೆ ಉಪ್ಪು, ಕೆಲವಕ್ಕೆ ಕಡಲ ಪಾಚಿಯ ಹೊದಿಕೆ, ಕೆಲವಕ್ಕೆ ಸೋಯಾ ರಸದಲ್ಲಿ ಸ್ನಾನ, ಕೆಲವನ್ನು ಮಂಜುಗಡ್ಡೆಯಲ್ಲಿಟ್ಟು ದಿನಗಟ್ಟಲೆ ಮಾಗಿಸುವುದು. ಒಲೆಯ ಕೆಲಸವನ್ನೆಲ್ಲ ಉಪ್ಪು, ಹುಳಿ, ಹೊತ್ತು ಮೂರೂ ಹಂಚಿಕೊಂಡಿವೆ.

ಹುಳ ಬೀಳುವುದಿಲ್ಲವೇ ಎಂದು ಊರಿನಲ್ಲಿ ನನ್ನನ್ನು ಕೇಳದವರಿಲ್ಲ. ಕೇಳುವುದು ನ್ಯಾಯವೇ. ಕಡಲ ಮೀನಿನಲ್ಲೂ ಹುಳ ಇರುತ್ತದೆ. ಅದಕ್ಕೇ ಸೊನ್ನೆಗಿಂತ 20 ಡಿಗ್ರಿ ಅಥವಾ ಇನ್ನೂ ಕೆಳಗೆ ಇಳಿಸಿ ದಿನಗಟ್ಟಲೆ ಹೆಪ್ಪುಗಟ್ಟಿಸಿ ಹುಳ ಸಾಯಿಸುವ ಕ್ರಮವಿದೆ. ಈಗ ಎಲ್ಲೆಲ್ಲೂ ಕಾಣುವ ಕಿತ್ತಳೆ ಬಣ್ಣದ ಸಾಲ್ಮನ್ ಮೀನನ್ನು ಜಪಾನಿನವರು ಹಿಂದೆ ಹಸಿಯಾಗಿ ತಿನ್ನುತ್ತಲೇ ಇರಲಿಲ್ಲ, ಹುಳದ ಭಯಕ್ಕೆ. 1980ರ ದಶಕದಲ್ಲಿ ನಾರ್ವೆ ದೇಶದವರು ಸಾಕಿದ ಸಾಲ್ಮನ್ ಹೊತ್ತು ಹೋಗಿ, ವರ್ಷಗಟ್ಟಲೆ ಪ್ರಚಾರ ಮಾಡಿ, ಆ ಭಯ ಬಿಡಿಸಿದರು. ಕೆರೆ ಹೊಳೆಯ ಸಿಹಿನೀರಿನ ಮೀನಿನ ಮಾತು ಬೇರೆ. ಈ ಬರಹ ಓದಿ ಯಾರೂ ನಮ್ಮ ಕೆರೆಯ ಕಾಟ್ಲಾ ಹಸಿಯಾಗಿ ಕೊಯ್ಯಲು ಹೋಗಬೇಡಿ.

ವಾಸಬಿಯನ್ನು ನಾನು ಹಸಿರು ಮುದ್ದೆಯೆಂದೇ ತಿಳಿದಿದ್ದೆ. ಅಗ್ಗದ ಕಡೆಗಳಲ್ಲಿ ಕೊಡುವುದು ಮೂಲಂಗಿ ಜಾತಿಯ ಇನ್ನೊಂದು ಬೇರಿಗೆ ಹಸಿರು ಬಣ್ಣ ಹಾಕಿದ್ದು. ಹುಡುಗ ತೋರಿಸಿದ್ದು ಗಂಟುಗಂಟಾದ ಕಾಂಡ. ಹರಿಯುವ ತಣ್ಣೀರಿನಲ್ಲಿ ಬೆಳೆಯುವಂಥದ್ದು, ಶಿಜುವೊಕ ಕಡೆಯ ಬೆಟ್ಟದ ತೊರೆಗಳು ಇದಕ್ಕೆ ಹೆಸರುವಾಸಿ. ಶಾರ್ಕ್ ಮೀನಿನ ಚರ್ಮ ಅಂಟಿಸಿದ ಪುಟ್ಟ ಹಲಗೆಯ ಮೇಲೆ ಅದನ್ನು ದುಂಡಗೆ ತೇಯುತ್ತಾರೆ. ತೇಯ್ದು ಕಾಲು ಗಂಟೆಯಾದರೆ ಖಾರ ಹಾರಿಹೋಗುತ್ತದೆ, ಅದಕ್ಕೇ ಬೇಕಾದಷ್ಟನ್ನೇ ಆಗಾಗ ತೇಯುವುದು. ಸಸ್ಯಶಾಸ್ತ್ರದ ಪ್ರಕಾರ ಇದು ಸಾಸಿವೆಯ ಕುಲ. ನಾಲಿಗೆ ಸುಡದೆ ಮೂಗಿಗೇ ನುಗ್ಗುವ ಗುಣ ಎರಡಕ್ಕೂ ಒಂದೇ ಕಾರಣದಿಂದ ಬಂದದ್ದು.

ಅಕ್ಕ ಮೀನು ತಿಂದಳೇ? ತಿಂದಳು, ತನ್ನ ಲೆಕ್ಕದಲ್ಲಿ. ಮೊದಲು ಸೌತೆಕಾಯಿ ಸುತ್ತಿದ್ದು, ಆಮೇಲೆ ಬೇಯಿಸಿದ ಸಿಗಡಿ. ಅವಳು ಒಂದು ತುಂಡನ್ನು ಎರಡು ಸಲ ಕಚ್ಚುವುದನ್ನು ಹುಡುಗ ಗಮನಿಸಿದ್ದ. ಮುಂದಿನ ತುಂಡಿನಿಂದ ಅವಳಿಗೆ ಮಾತ್ರ ಅನ್ನ ಕಡಿಮೆ, ಗಾತ್ರ ಸಣ್ಣದು. ಯಾರೂ ಹೇಳಲಿಲ್ಲ, ಕೇಳಲಿಲ್ಲ. ಒಂದು ಮೊಳದ ದೂರದ ಬೆಲೆ ನನಗೆ ಆಗ ಗೊತ್ತಾಯಿತು.

ಈಗ ಇಷ್ಟು ಬಿಂಕದಲ್ಲಿ ಕೂತಿರುವ ಈ ತಿಂಡಿ ಹುಟ್ಟಿನಲ್ಲಿ ಬಡವರದು. ಇನ್ನೂ ಹಿಂದೆ ಹೋದರೆ ಜಪಾನಿನದೂ ಅಲ್ಲ. ಮೆಕಾಂಗ್ ನದಿಯ ಸುತ್ತಲ ಭತ್ತದ ಸೀಮೆಯಲ್ಲಿ ಮಳೆಗಾಲದಲ್ಲಿ ಗದ್ದೆಗೆ ಬರುವ ಮೀನನ್ನು ಕೆಡದಂತೆ ಇಡಲು ಉಪ್ಪು ಹಾಕಿ ಅನ್ನದೊಳಗೆ ಹುದುಗಿಸುತ್ತಿದ್ದರು. ಅನ್ನ ಹುಳಿತು ಮೀನನ್ನು ಕಾಪಾಡುತ್ತಿತ್ತು. ತಿಂಗಳುಗಳ ನಂತರ ಮೀನು ತಿಂದು ಅನ್ನ ಎಸೆಯುತ್ತಿದ್ದರು. ಜಪಾನಿನ ಬಿವಾ ಸರೋವರದ ದಂಡೆಯಲ್ಲಿ ಇಂದಿಗೂ ಈ ಹಳೆಯ ಬಗೆಯ ‘ಫುನಜುಶಿ’ ಮಾಡುತ್ತಾರೆ. ಇದನ್ನು ಹುಡುಗಿ ವಿವರಿಸುತ್ತಿದ್ದಾಗ ಹುಡುಗ ಚಾಕು ಕೆಳಗಿಟ್ಟು, ತನ್ನ ತಾಯಿ ಮಣ್ಣಿನ ಮಡಕೆಯಲ್ಲಿ ಸಣ್ಣ ಮೀನು ತುಂಬಿ ಬಾಯಿ ಮುಚ್ಚಿ ತಿಂಗಳುಗಟ್ಟಲೆ ಇಡುವ ‘ನ್ಗಾರಿ’ಯ ವಿಷಯ ಹೇಳಿದ. ಮಣಿಪುರದಲ್ಲಿ ಅದಿಲ್ಲದೆ ಊಟವಿಲ್ಲ. “ಜಪಾನಿ ಮಾಸ್ಟರ್‌ಗೆ ಒಂದ್ಸಲ ತಂದು ಕೊಟ್ಟೆ. ಮೂಸಿ ನೋಡಿ, ಇದು ಸುಶಿಯ ಅಜ್ಜಿ ಅಂದ್ರು” ಎಂದು ನಕ್ಕ.

ಅನ್ನ ಎಸೆಯುವುದು ನಿಂತು, ಅನ್ನವೇ ಮುಖ್ಯವಾಗಲು ಶತಮಾನಗಳು ಹಿಡಿದವು. ಕಾಯುವ ವ್ಯವಧಾನವಿಲ್ಲದ ಎಡೊ ನಗರ, ಅಂದರೆ ಇಂದಿನ ಟೋಕಿಯೊ, 1820ರ ದಶಕದ ಹೊತ್ತಿಗೆ ಅದಕ್ಕೊಂದು ಅಡ್ಡದಾರಿ ಕಂಡುಕೊಂಡಿತು. ಹುಳಿಯಲು ಬಿಡುವ ಬದಲು ಅನ್ನಕ್ಕೆ ವಿನೆಗರು ಹಾಕಿ, ಮೇಲೆ ಮೀನಿಟ್ಟು, ಕೈಯಲ್ಲೇ ಒತ್ತಿ ಕೊಡುವುದು. ಹನಾಯ ಯೊಹೆಯ್ ಎಂಬವನ ಹೆಸರು ಈ ಬದಲಾವಣೆಗೆ ಅಂಟಿಕೊಂಡಿದೆ. ಕೂಲಿಕಾರರು ತಳ್ಳುಗಾಡಿಯ ಮುಂದೆ ನಿಂತು ಎರಡು ತಿಂದು ಹೊರಡುತ್ತಿದ್ದರು. ಆಗಿನ ತುಂಡು ಈಗಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು. 1923ರ ಭೂಕಂಪದಲ್ಲಿ ಟೋಕಿಯೊ ಕುಸಿದಾಗ ಬಾಣಸಿಗರು ಊರೂರಿಗೆ ಚೆದುರಿ, ಸುಶಿಯೂ ಅವರ ಜೊತೆ ಹೋಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಹಾಯುದ್ಧದ ನಂತರದ ಸಂಗತಿ. ಸೋತ ಜಪಾನಿನಲ್ಲಿ ಅಕ್ಕಿಗೆ ಹಾಹಾಕಾರ, ಎಲ್ಲವೂ ಪಡಿತರ. 1947ರಲ್ಲಿ ಹೋಟೆಲುಗಳನ್ನೇ ಮುಚ್ಚಿಸಿದರು. ಸುಶಿಯವರು ಒಂದು ಉಪಾಯ ಮಾಡಿ ಅನುಮತಿ ಪಡೆದರು: ಗಿರಾಕಿ ತನ್ನ ಪಡಿತರದ ಅಕ್ಕಿ ಒಂದು ‘ಗೋ’, ಸುಮಾರು 150 ಗ್ರಾಂ, ತಾನೇ ತರಬೇಕು. ಅಂಗಡಿಯವನು ಅದಕ್ಕೆ ಹತ್ತು ತುಂಡು ಸುಶಿ ಕಟ್ಟಿಕೊಟ್ಟು ಕೂಲಿ ಮಾತ್ರ ತೆಗೆದುಕೊಳ್ಳಬೇಕು. ಅಂದರೆ ಅದು ಹೋಟೆಲಲ್ಲ, ಗಿರಣಿಯ ಹಾಗೆ ಕೂಲಿ ಕೆಲಸ. ಇವತ್ತು ನಮ್ಮ ಮುಂದೆ ಬರುವ ತುಂಡಿನ ಗಾತ್ರ, ಸರದಿಯ ಸಂಖ್ಯೆ ಆ ಪಡಿತರದ ಲೆಕ್ಕದಲ್ಲಿ ನೆಲೆನಿಂತದ್ದು. ಪಡಿತರದ ಅಕ್ಕಿಯ ಚೀಲ ಹಿಡಿದು ಸಾಲಿನಲ್ಲಿ ನಿಂತು ಗೊತ್ತಿರುವವರಿಗೆ ಪಂಚತಾರಾ ಹೋಟೆಲಿನ ಈ ತುತ್ತು ಅಷ್ಟೊಂದು ಪರಕೀಯವಲ್ಲ.

ಮಧ್ಯೆ ಕೆಂಪು ಟ್ಯೂನಾ ಬಂತು. ಅದರ ಬೆನ್ನಿನ ಭಾಗ ಕೆಂಪಗೆ, ಹೊಟ್ಟೆಯ ಭಾಗ ಕೊಬ್ಬಿನಿಂದ ನಸುಗೆಂಪು. ಹೊಟ್ಟೆಯ ತುಂಡು ನಾಲಿಗೆಯ ಮೇಲೆ ಕರಗಿಯೇ ಹೋಯಿತು, ಅಗಿಯಲು ಏನೂ ಉಳಿಯಲಿಲ್ಲ. ಇದೇ ಭಾಗವನ್ನು ಹಿಂದೆ ಬೇಗ ಕೆಡುತ್ತದೆಂದು ಬಿಸಾಡುತ್ತಿದ್ದರಂತೆ. ಶೈತ್ಯಪೆಟ್ಟಿಗೆ ಬಂತು, 1970ರ ದಶಕದಲ್ಲಿ ಕೆನಡಾದಿಂದ ವಿಮಾನದಲ್ಲಿ ಟ್ಯೂನಾ ಟೋಕಿಯೊಗೆ ಹಾರತೊಡಗಿತು, ಬಿಸಾಡುತ್ತಿದ್ದದ್ದೇ ಚಿನ್ನವಾಯಿತು. 2019ರ ಜನವರಿಯಲ್ಲಿ ಟೋಕಿಯೊದ ತೊಯೊಸು ಮಾರುಕಟ್ಟೆಯಲ್ಲಿ 278 ಕಿಲೋ ತೂಕದ ಒಂದೇ ಟ್ಯೂನಾ 33 ಕೋಟಿ 36 ಲಕ್ಷ ಯೆನ್‌ಗೆ ಹರಾಜಾಯಿತು. ಹೊಸ ವರ್ಷದ ಮೊದಲ ಹರಾಜಿನ ಬಿರುದಿಗಾಗಿ ಕೊಡುವ ಬೆಲೆ ಅದು, ಮೀನಿನ ಬೆಲೆಯಲ್ಲ. ಒಂದು ಕಡಲ ಪ್ರಾಣಿಯ ಮೇಲೆ ಇಷ್ಟು ದುಡ್ಡು ಸುರಿದರೆ ಅದಕ್ಕೆ ಕೇಡು ತಪ್ಪಿದ್ದಲ್ಲ. ಇದೇ ನೀಲಿರೆಕ್ಕೆಯ ಟ್ಯೂನಾ ಬಳಿಯುವಷ್ಟು ಬಳಿದು ಮುಗಿಯುವ ಹಂತಕ್ಕೆ ಬಂದು, ಹಿಡಿಯುವ ಲೆಕ್ಕಕ್ಕೆ ಕಡಿವಾಣ ಹಾಕಬೇಕಾಯಿತು. ಕರಗಿದ ತುಂಡಿನ ಸುಖದಲ್ಲಿ ನಾನು ಇದನ್ನು ಮರೆತಿದ್ದೆ ಎಂದೇನಲ್ಲ, ಆದರೂ ತಿಂದೆ.

ಕಪ್ಪು ಹಾಳೆಯಲ್ಲಿ ಸುತ್ತಿದ ಮೀನುಮೊಟ್ಟೆ ಬಂದಾಗ ಆ ಹಾಳೆಯ ಕಥೆ ಕೇಳಿದೆ. ಅದು ನೋರಿ, ಕಡಲ ಪಾಚಿಯನ್ನು ಕಾಗದದ ಹಾಗೆ ಒಣಗಿಸಿದ್ದು. ಎರಡನೇ ಮಹಾಯುದ್ಧದ ನಂತರ ಜಪಾನಿನ ನೋರಿ ಬೆಳೆ ಕೈಕೊಟ್ಟಿತ್ತು. ಅದರ ಬೀಜ ಎಲ್ಲಿಂದ ಬರುತ್ತದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಕ್ಯಾಥ್ಲೀನ್ ಡ್ರೂ-ಬೇಕರ್ ತಮ್ಮ ದೇಶದ ಕಡಲ ಪಾಚಿಯನ್ನು ಅಭ್ಯಾಸ ಮಾಡುತ್ತಾ, ಅದು ಚಿಪ್ಪುಗಳ ಒಳಗೆ ಬೇರೆಯದೇ ರೂಪದಲ್ಲಿ ಒಂದು ಕಾಲ ಕಳೆಯುತ್ತದೆ ಎಂದು 1949ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಜಪಾನಿಗಳು ಚಿಪ್ಪಿನಲ್ಲಿ ನೋರಿ ಬಿತ್ತನೆ ಬೆಳೆಸಲು ಕಲಿತರು, ಉದ್ಯಮ ಮತ್ತೆ ಎದ್ದಿತು. ಆಕೆ ಒಮ್ಮೆಯೂ ಜಪಾನಿಗೆ ಹೋಗಲಿಲ್ಲ. ಕುಮಾಮೊಟೊ ಪ್ರಾಂತದ ಉತೊ ಎಂಬಲ್ಲಿ ಬೆಸ್ತರು 1963ರಲ್ಲಿ ಆಕೆಗೆ ಸ್ಮಾರಕ ಕಟ್ಟಿಸಿ, ಪ್ರತಿ ಏಪ್ರಿಲ್ 14ರಂದು ‘ಕಡಲತಾಯಿ’ ಎಂದು ಸ್ಮರಿಸುತ್ತಾರೆ. ಕಲ್ಲಿಗೆ ಕೈ ಮುಗಿಯುವ ನಮ್ಮ ಕಡೆಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಕ್ಕ ಹಾಳೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡು ತಲೆದೂಗಿದಳು.

ಕೌಂಟರಿನ ಆ ತುದಿಯಲ್ಲಿ ಜಪಾನಿ ದಂಪತಿ ಬಂದು ಕೂತಿದ್ದರು. ಆ ಹೆಂಗಸಿನ ಕಣ್ಣು ಮೀನಿಗಿಂತ ಅಕ್ಕನ ಸೆರಗಿನ ಮೇಲೇ ಹೆಚ್ಚಿತ್ತು. ಕೊನೆಗೆ ಎದ್ದು ಬಂದು ಬಗ್ಗಿ ನಮಸ್ಕರಿಸಿ, ಸೀರೆ ಎಲ್ಲಿಯದೆಂದು ಕೇಳಿದರು. ಹುಡುಗಿ ಮೊಳಕಾಲ್ಮೂರು ಎಂದಳು. ಆ ಹೆಸರು ಅವರ ಬಾಯಲ್ಲಿ ಹೊರಳಲು ಸ್ವಲ್ಪ ಹೊತ್ತು ಹಿಡಿಯಿತು, ಇಬ್ಬರೂ ಹೆಂಗಸರು ನಕ್ಕರು. ಅವರ ಗಂಡ ರೇಷ್ಮೆಯ ಮಾತು ತೆಗೆದರು. 1991ರಿಂದ 2007ರವರೆಗೆ ಜಪಾನಿನ ಜೈಕಾ ಸಂಸ್ಥೆಯವರು ಮೈಸೂರಿನಲ್ಲಿ ನಮ್ಮವರ ಜೊತೆ ಕೂತು ದ್ವಿತಳಿ ರೇಷ್ಮೆಹುಳು ಸಾಕುವುದನ್ನು ಈ ಬಿಸಿಲಿಗೆ ಒಗ್ಗಿಸಿದ ಕೆಲಸ ಅವರಿಗೆ ಗೊತ್ತಿತ್ತು. ಅಕ್ಕ ಯಾವ ಸಂಕೋಚವೂ ಇಲ್ಲದೆ ಸೆರಗಿನ ತುದಿಯನ್ನು ಅವರ ಅಂಗೈ ಮೇಲಿಟ್ಟಳು. ಆಕೆ ಎರಡು ಬೆರಳಿನಿಂದ ಬಟ್ಟೆ ಉಜ್ಜಿ ನೋಡಿದ ರೀತಿಯಲ್ಲೇ ತಿಳಿದವರು ಎಂದು ಗೊತ್ತಾಗುತ್ತಿತ್ತು.

ಕೊನೆಗೆ ಬಂದದ್ದು ಮೊಟ್ಟೆಯ ತುಂಡು, ತಮಾಗೊ. ಮೊಟ್ಟೆಯನ್ನು ಪದರ ಪದರವಾಗಿ ಬೇಯಿಸಿ ಮಡಚಿದ ಸಿಹಿ ಗಟ್ಟಿ. ಹಟ್ಟಿಯ ಕಟ್ಟುಪಾಡಿನವರು ಬಂದಿದ್ದರೆ ಇಲ್ಲಿ ಕೈ ತಡೆಯುತ್ತಿದ್ದರು. ನಮ್ಮ ಮನೆಗೆ ಆ ಕಟ್ಟಿಲ್ಲ. ಆಮೇಲೆ ಮಿಸೊ ಸಾರು, ಹಸಿರು ಚಹಾ. ನಡುನಡುವೆ ಬಾಯಿ ತೊಳೆಯಲು ಕೊಟ್ಟ ಹುಳಿ ಶುಂಠಿಯ ಎಸಳುಗಳನ್ನು ಅಕ್ಕ ಮತ್ತೆ ಮತ್ತೆ ಕೇಳಿ ತಿಂದಳು. ಹುಡುಗ ಬೇಸರವಿಲ್ಲದೆ ಕೊಟ್ಟ.

ಬಿಲ್ಲನ್ನು ಹುಡುಗಿ ನನಗೆ ತೋರಿಸಲಿಲ್ಲ, ನಾನು ಇಣುಕಿ ನೋಡಿದೆ. ಒಬ್ಬರ ಊಟದ ದುಡ್ಡಿಗೆ ಚಳ್ಳಕೆರೆ ಸಂತೆಯಲ್ಲಿ ಒಂದು ಕುರಿ ಬರುತ್ತಿತ್ತು. ಮೂರು ಕುರಿ ತಿಂದು ಹೊಟ್ಟೆ ಭಾರವಾಗದೆ ಹೊರಬಂದೆವು. ಇದು ದುಂದುವೆಚ್ಚ ಎಂದು ಯಾರಾದರೂ ಹೇಳಿದರೆ ನಾನು ವಾದ ಮಾಡುವುದಿಲ್ಲ. ಆ ಬೆಲೆಯಲ್ಲಿ ವಿಮಾನದ ಬಾಡಿಗೆ ಎಷ್ಟು, ಹೋಟೆಲಿನ ಹೊಳಪು ಎಷ್ಟು ಎಂಬ ಲೆಕ್ಕವೂ ಇದೆ. ಆದರೆ ನೆಲ್ಲಕ್ಕಿ ಅನ್ನವನ್ನು ಹಬ್ಬದಂತೆ ಕಂಡ ಸೀಮೆಯಿಂದ ಹೋದವನಾಗಿ ಒಂದು ಮಾತು ಹೇಳಬಲ್ಲೆ: ಅನ್ನಕ್ಕೆ ಇಷ್ಟು ಮರ್ಯಾದೆ ಕೊಡುವ ಇನ್ನೊಂದು ಊಟ ನಾನು ನೋಡಿಲ್ಲ.

ಹೋಗುವ ಮನಸ್ಸಿದ್ದವರು ಮುಂಗಡ ಹೇಳಿ ಜಾಗ ಹಿಡಿಯಿರಿ, ಮೇಜು ಬೇಡ, ಕೌಂಟರೇ ಬೇಕೆಂದು ಕೇಳಿ. ಮಧ್ಯಾಹ್ನದ ಊಟ ಹಲವು ಕಡೆ ರಾತ್ರಿಗಿಂತ ಅಗ್ಗ. ತಿನ್ನದ್ದು ಏನಿದೆಯೋ ಮೊದಲೇ ಹೇಳಿ. ಮೀನು ಮುಟ್ಟದವರಿಗೆ ಸೌತೆಕಾಯಿ, ಬೆಣ್ಣೆಹಣ್ಣು, ಅಣಬೆಯದು ಈಗ ಬೆಂಗಳೂರಿನಲ್ಲಿ ಎಲ್ಲ ಕಡೆ ಸಿಗುತ್ತದೆ. ಬಸುರಿಯರು ಹಸಿ ಮೀನಿನ ತಂಟೆಗೆ ಹೋಗಬೇಡಿ. ಸೋಯಾ ರಸದಲ್ಲಿ ಅದ್ದುವುದಾದರೆ ಮೀನಿನ ತುದಿ ಅದ್ದಿ, ಅನ್ನ ಅದ್ದಬೇಡಿ. ಮುಂದೆ ಬಂದ ತುಂಡನ್ನು ಫೋಟೊ ತೆಗೆಯುತ್ತಾ ಕೂರದೆ ಆಗಲೇ ಬಾಯಿಗೆ ಹಾಕಿಕೊಳ್ಳಿ. ಅನ್ನ ಆರಿತೋ, ಕೊಟ್ಟ ದುಡ್ಡಿನಲ್ಲಿ ಅರ್ಧ ದಂಡ.